ಸೆಕೆಂಡ್ ಹ್ಯಾಂಡ್ ಹ್ಯಾಮ್ ರೇಡಿಯೋ (ಹವ್ಯಾಸಿಗಳು ಪರಸ್ಪರ ಮಾತಾಡಲು ಬಳಸುವ ರೇಡಿಯೋ ಸೆಟ್) ಆನ್‌ಲೈನ್ ಹರಾಜಿನಲ್ಲಿ ತಗೋಬಹುದಾ?

ಖಂಡಿತ ತಗೋಬಹುದು. ಆದರೆ ಮಾರುವವರು ಒಂದು ಕೆಲಸ ಮಾಡಬೇಕು. ಸೆಟ್ಟನ್ನು ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಜೋಡಿಸಿ ಪರೀಕ್ಷಿಸುವ ಸಾಧನ) ಜೋಡಿಸಿ, ಟ್ರಾನ್ಸ್‌ಮಿಟ್ ಮಾಡಿ, ಹೊರಬರುವ ಶಕ್ತಿ ಅಳೆಯುವ ವಾಟ್‌ಮೀಟರ್ ಎಷ್ಟು ತೋರಿಸುತ್ತದೆ ಅಂತ ವಿಡಿಯೋ ಕಳಿಸಬೇಕು. ಇಬೇ ಥರದ ಹರಾಜು ತಾಣಗಳಲ್ಲಿ ಹಳೆಯ ಎಚ್‌ಎಫ್ (ದೂರದವರೆಗೆ ಮಾತಾಡಲು ಬಳಸುವ ಶಾರ್ಟ್‌ವೇವ್) ಸೆಟ್‌ಗಳನ್ನು ಕೊಳ್ಳುತ್ತಾ ಬಂದಿದ್ದೇನೆ, ಸಿಕ್ಕ ಸೆಟ್‌ಗಳ ಬಗ್ಗೆ ಖುಷಿಯೂ ಇದೆ. ಈ ವಿಡಿಯೋ ಕೊಡಲು ಹಿಂದೆ ಮುಂದೆ ನೋಡುವವರ ಹತ್ತಿರ ಮಾತ್ರ ಬಿಡ್ ಹಾಕುವುದಿಲ್ಲ.

ಯಾಕೆ ಇಷ್ಟು ಹಠ ಅಂದ್ರೆ, ಡಿಸ್‌ಪ್ಲೇ ಬೆಳಗುತ್ತಿರುವ ಫೋಟೋದಿಂದ ಏನೂ ಗೊತ್ತಾಗಲ್ಲ. ರಿಸೀವ್ ಚೆನ್ನಾಗೇ ಇರುತ್ತದೆ, ಆದರೆ ಫೈನಲ್ ಟ್ರಾನ್ಸಿಸ್ಟರ್‌ಗಳು (ಕಳಿಸುವ ಸಿಗ್ನಲ್‌ಗೆ ಕೊನೆಯಲ್ಲಿ ಶಕ್ತಿ ತುಂಬುವವು) ಸುಟ್ಟಿರಬಹುದು. 100 ವಾಟ್ ಕೊಡಬೇಕಾದ ಸೆಟ್ ಒಂದು ಬ್ಯಾಂಡ್‌ನಲ್ಲಿ ಪೂರ್ತಿ ಕೊಟ್ಟು ಇನ್ನೊಂದರಲ್ಲಿ ಹತ್ತೇ ವಾಟ್ ಕೊಡಬಹುದು. ಹಳೆಯ ಫೈನಲ್‌ಗಳಲ್ಲಿ ಎಷ್ಟೋ ಈಗ ತಯಾರಾಗುವುದೇ ಇಲ್ಲ, ನಕಲಿ ಮಾತ್ರ ಬೇಕಾದಷ್ಟಿವೆ. ಹಾಗಾಗಿ 80, 20 ಮತ್ತು 10 ಮೀಟರ್, ಈ ಮೂರು ಬ್ಯಾಂಡ್‌ಗಳಲ್ಲಾದರೂ ತೋರಿಸಿ ಅಂತ ಕೇಳಿ.

"ಆನ್ ಆಗುತ್ತೆ, ಟೆಸ್ಟ್ ಮಾಡಿಲ್ಲ" ಅನ್ನೋದು ಹರಾಜಿನಲ್ಲಿ ಜಾಸ್ತಿ ಕಾಣುವ ಸಾಲು. ತೀರಿಕೊಂಡ ಹ್ಯಾಮ್ (ರೇಡಿಯೋ ಹವ್ಯಾಸಿ) ಒಬ್ಬರ ಮನೆಯವರು ಹಾಗೆ ಬರೆದಿದ್ದರೆ ನಂಬಬಹುದು, ಅವರಿಗೆ ನಿಜವಾಗಿಯೂ ಗೊತ್ತಿರಲ್ಲ. ಆದರೆ ಹಾಗೆ ಬರೆದವರು ಸ್ವತಃ ಹ್ಯಾಮ್ ಆಗಿದ್ದು, 13.8 ವೋಲ್ಟ್ ಪವರ್ ಸಪ್ಲೈ, ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾ ಸೆಟ್ಟಿಗೆ ಹೊಂದುತ್ತದೆಯೇ ಅಂತ ತೋರಿಸುವುದು), ಆಂಟೆನಾ ಟ್ಯೂನರ್ ಎಲ್ಲವನ್ನೂ ಮಾರುತ್ತಿದ್ದರೆ? ಟೆಸ್ಟ್ ಮಾಡಲು ಬೇಕಾದದ್ದೆಲ್ಲ ಕೈಯಲ್ಲೇ ಇದೆ ಅಲ್ವಾ? ಎರಡೂ ಕಡೆ ಬಿಡಿಭಾಗದ ಬೆಲೆಗಿಂತ ಮೇಲೆ ಹೋಗಬೇಡಿ.

ಬಿಡ್ ಹಾಕುವ ಮೊದಲು ಆ ಮಾಡೆಲ್‌ನ ಹಳೆಯ ಕಾಯಿಲೆ ಏನು ಅಂತ ಓದಿಕೊಳ್ಳಿ. 1980ರ ದಶಕದ ಕೆನ್‌ವುಡ್ ಟಿಎಸ್-440 ಒಳ್ಳೆಯ ಸೆಟ್, ಆದರೆ ವಿಸಿಒ ಭಾಗಕ್ಕೆ (ಫ್ರೀಕ್ವೆನ್ಸಿ ಹುಟ್ಟಿಸುವ ಸರ್ಕ್ಯೂಟ್) ಹಾಕಿದ ಅಂಟು ವರ್ಷ ಕಳೆದಂತೆ ಕೆಟ್ಟು ಕರೆಂಟ್ ಹರಿಯಲು ಬಿಡುತ್ತದೆ. ಆಗ ಆ ಫ್ರೀಕ್ವೆನ್ಸಿಯನ್ನು ಸ್ಥಿರವಾಗಿ ಹಿಡಿಯುವ ಪಿಎಲ್‌ಎಲ್ ಸರ್ಕ್ಯೂಟ್‌ನ ಲಾಕ್ ತಪ್ಪಿ, ಡಿಸ್‌ಪ್ಲೇಯಲ್ಲಿ ಫ್ರೀಕ್ವೆನ್ಸಿ ಬದಲು ಬರೀ ಚುಕ್ಕೆಗಳು ಬರುತ್ತವೆ. ಒಬ್ಬ ಮಾರಾಟಗಾರರು ಇದೇ ಸೆಟ್ಟಿನ ಹತ್ತಾರು ಫೋಟೋ ಹಾಕಿದ್ದರು. ನಾಬ್‌ಗಳು, ಹಿಂಭಾಗ, ಸೀರಿಯಲ್ ನಂಬರ್ ಎಲ್ಲ ಸ್ಪಷ್ಟ, ಡಿಸ್‌ಪ್ಲೇ ಮೇಲೆ ಮಾತ್ರ ಫ್ಲ್ಯಾಶ್ ಬೆಳಕು. ಫ್ಲ್ಯಾಶ್ ಇಲ್ಲದೆ ತೆಗೆದು ಕಳಿಸಿ ಅಂತ ಕೇಳಿದಾಗ ಬಂದ ಚಿತ್ರದಲ್ಲಿ ಸಾಲಾಗಿ ಚುಕ್ಕೆಗಳು. ಯಾಯೆಸು (Yaesu) ಕಂಪನಿಯ ಎಫ್‌ಟಿ-857 ಆದರೆ ಡಿಸ್‌ಪ್ಲೇಯಲ್ಲಿ ಗೆರೆಗಳು ಮೂಡುತ್ತವೆಯಾ ನೋಡಿ. ಸಿಡಬ್ಲ್ಯೂ (ಮೋರ್ಸ್ ಕೋಡ್) ಫಿಲ್ಟರ್ ಹಾಕಿದೆ ಅಂದರೆ ಮುಚ್ಚಳ ತೆಗೆದ ಫೋಟೋ ಬೇಕು, ಬಾಯಿ ಮಾತು ಸಾಲದು.

ದುಡ್ಡಿನ ವಿಷಯ ಸರಳ. ತಾಣದ ಒಳಗೇ ಪಾವತಿ ಮಾಡಿ. ಇಬೇಯಲ್ಲಿ ವಿವರಣೆಗೆ ಹೊಂದದ ವಸ್ತು ಬಂದರೆ ಸಾಮಾನ್ಯವಾಗಿ 30 ದಿನದೊಳಗೆ ದೂರು ಕೊಡಬಹುದು. "ಹೊರಗೆ ಮಾಡಿಕೊಳ್ಳೋಣ, ಕಮಿಷನ್ ಉಳಿಯುತ್ತೆ" ಅಂದವರಿಗೆ ಪೇಪಾಲ್‌ನ ಫ್ರೆಂಡ್ಸ್ ಅಂಡ್ ಫ್ಯಾಮಿಲಿ (ಗುರುತಿನವರಿಗೆ ದುಡ್ಡು ಕಳಿಸುವ) ದಾರಿಯಲ್ಲಿ ಕಳಿಸಿದರೆ ಆ ರಕ್ಷಣೆಯೂ ಇಲ್ಲ, ಪೇಪಾಲ್‌ನ ರಕ್ಷಣೆಯೂ ಇಲ್ಲ. ಫೋಟೋ ಕದ್ದದ್ದು ಅನ್ನಿಸಿದರೆ ನಿಮ್ಮ ಕಾಲ್‌ಸೈನ್ (ಹ್ಯಾಮ್‌ಗೆ ಕೊಟ್ಟ ಗುರುತಿನ ಸಂಕೇತ) ಮತ್ತು ಇವತ್ತಿನ ತಾರೀಕನ್ನು ಚೀಟಿಯಲ್ಲಿ ಬರೆದು ಸೆಟ್ ಪಕ್ಕ ಇಟ್ಟು ಫೋಟೋ ಕಳಿಸಲು ಹೇಳಿ. ಸೆಟ್ ಕೈಯಲ್ಲಿ ಇರುವವರಿಗೆ ಇದು ಎರಡು ನಿಮಿಷದ ಕೆಲಸ.

ಪ್ಯಾಕಿಂಗ್ ಬಗ್ಗೆ ಮೊದಲೇ ಮಾತಾಡಿ, ಯಾಕಂದ್ರೆ ಕೆಲಸ ಮಾಡುತ್ತಿದ್ದ ಎಷ್ಟೋ ಸೆಟ್‌ಗಳು ಹಾಳಾಗುವುದು ದಾರಿಯಲ್ಲೇ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಗಟ್ಟಿ ಫೋಮ್ ಇರಬೇಕು. ಹಗುರ ಫೋಮ್ ಚೂರು ತುಂಬಿದರೆ ಭಾರದ ಸೆಟ್ ಅಲುಗಾಡುತ್ತಾ ಕೆಳಗಿಳಿದು, ಮುಂಭಾಗ ರಟ್ಟಿಗೆ ತಾಗಿ, ದೊಡ್ಡ ಟ್ಯೂನಿಂಗ್ ನಾಬ್‌ನ ಶಾಫ್ಟ್ ಬಾಗುತ್ತದೆ. ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿ, ಬಂದ ದಿನವೇ ಡಮ್ಮಿ ಲೋಡ್‌ಗೆ ಹಾಕಿ ನೋಡಿ. ದೂರು ಕೊಡುವ ಅವಧಿ ಸುಮ್ನೆ ಕಳೆದುಹೋಗಬಾರದು.

ಸೆಟ್ಟಿನಿಂದ ಬರುವ ಸಿಗ್ನಲ್‌ನ ಶಕ್ತಿ ಹೆಚ್ಚಿಸುವ, ವ್ಯಾಕ್ಯೂಮ್ ಟ್ಯೂಬ್‌ನ ಲೀನಿಯರ್ ಆಂಪ್ಲಿಫೈಯರ್ ಮಾತ್ರ ಪಾರ್ಸೆಲ್‌ನಲ್ಲಿ ತರಿಸುವುದು ನನಗೆ ಇಷ್ಟವಿಲ್ಲ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಕಳಿಸಬೇಕು, ಟ್ಯೂಬ್‌ಗಳು ಇನ್ನೊಂದರಲ್ಲಿ. ಮತ್ತೆ ಜೋಡಿಸುವವರ ಕೈ ಇರುವುದು ಸಾವಿರಾರು ವೋಲ್ಟ್ ಹರಿಯುವ ಜಾಗದಲ್ಲಿ. ಅದನ್ನು ಹೋಗಿ, ಕಣ್ಣೆದುರು ಓಡಿಸಿ ನೋಡಿ, ನೀವೇ ಹೊತ್ತು ತರುವಂತಿದ್ದರೆ ಮಾತ್ರ ಬಿಡ್ ಹಾಕಿ.