ಎರಡು ಇಲಿಗಳಿಗೆ ಕ್ರಿಟರ್ ನೇಷನ್ ಪಂಜರ: ಬಾಗಿಲಿಗೆ ಪೂರ್ತಿ ಅಂಕ, ಟ್ರೇಗೆ ಅರ್ಧ

ಅಮೆರಿಕದಲ್ಲಿ ಇಲಿ ಸಾಕುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಪಂಜರದ ಹೆಸರು ಮಿಡ್‌ವೆಸ್ಟ್ ಕಂಪನಿಯ ಕ್ರಿಟರ್ ನೇಷನ್. ಅಲ್ಲಿರುವ ಕನ್ನಡದ ಮನೆಗಳಲ್ಲೂ ಮಕ್ಕಳು ನಾಯಿ ಬೇಕು ಎಂದು ಹಟ ಹಿಡಿದು, ಅಪಾರ್ಟ್‌ಮೆಂಟಿನ ನಿಯಮ ಒಪ್ಪದೆ, ಕೊನೆಗೆ ಒಂದು ಜೋಡಿ ಇಲಿಗೆ ರಾಜಿಯಾಗುವುದು ಉಂಟು. ಇಲಿಯನ್ನು ಒಂಟಿಯಾಗಿ ಸಾಕಬಾರದು. ಜೊತೆಯಿಲ್ಲದ ಇಲಿ ಮಂಕಾಗುತ್ತದೆ. ಆದ್ದರಿಂದ ಕನಿಷ್ಠ ಎರಡು, ಅದೂ ಒಂದೇ ಲಿಂಗದ್ದು. ಹೆಣ್ಣು ಇಲಿ ಐದಾರು ವಾರಕ್ಕೇ ಗಬ್ಬವಾಗಬಲ್ಲದು, 21ರಿಂದ 23 ದಿನಕ್ಕೆ ಮರಿ ಹಾಕುತ್ತದೆ. ಅಂಗಡಿಯವರು ಎರಡೂ ಹೆಣ್ಣೇ ಎಂದರೂ ಬಾಲ ಎತ್ತಿ ನೋಡಿಯೇ ತರಬೇಕು. ಈ ವಿಮರ್ಶೆ ಅಂಥ ಒಂದು ಜೋಡಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಐದಾರು ಇಲಿ ಇರುವವರ ಲೆಕ್ಕ ಬೇರೆ.

ಮೊದಲು ಯಾವ ಮಾಡೆಲ್ ಎಂಬುದು ತೀರ್ಮಾನವಾಗಬೇಕು. 161 ಎಂದರೆ ಕಾಲಿನ ಸ್ಟ್ಯಾಂಡ್ ಮೇಲೆ ಒಂದೇ ಅಂತಸ್ತು, 162 ಎಂದರೆ ಎರಡು ಅಂತಸ್ತು, 163 ಎಂದರೆ ಇರುವ ಪಂಜರದ ಮೇಲೆ ಕೂರಿಸುವ ಹೆಚ್ಚುವರಿ ಅಂತಸ್ತು. ಒಂದು ಅಂತಸ್ತಿನ ಒಳಗೆ ಸುಮಾರು 36 ಇಂಚು ಉದ್ದ, 25 ಇಂಚು ಆಳ, 24 ಇಂಚು ಎತ್ತರದ ಜಾಗ, ಅಂದರೆ ಹನ್ನೆರಡು ಘನ ಅಡಿಗೂ ತುಸು ಹೆಚ್ಚು. ಇಲಿಯೊಂದಕ್ಕೆ ಕನಿಷ್ಠ 2 ಘನ ಅಡಿ ಬೇಕು ಎನ್ನುವುದು ಸಾಕುವವರಲ್ಲಿ ಮೊದಲಿನಿಂದ ಇರುವ ಲೆಕ್ಕ. ಹಾಗಾಗಿ ಜೋಡಿಗೆ 161 ಧಾರಾಳ ಸಾಕು. 162 ತಂದವರು ತೊಳೆಯುವ ಕೆಲಸವನ್ನು ಎರಡರಷ್ಟು ಮಾಡಿಕೊಳ್ಳುತ್ತಾರೆ, ಇಲಿಗಳು ಮಾತ್ರ ಮೇಲಿನ ಮೂಲೆಯ ಒಂದೇ ಹ್ಯಾಮಕ್‌ನಲ್ಲಿ (ಬಟ್ಟೆಯ ತೂಗುಹಾಸಿಗೆ) ಒಂದರ ಮೇಲೊಂದು ಬಿದ್ದು ಮಲಗುತ್ತವೆ. ಮುಂದೆ ಬೇಕೆನಿಸಿದರೆ 163 ಸೇರಿಸಿದರಾಯಿತು.

ಇದೇ ಕಂಪನಿಯ ಫೆರೆಟ್ ನೇಷನ್ ಪಂಜರ ನೋಡಲು ಇದರಂತೆಯೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲಿ ಎಡವುತ್ತಾರೆ. ಅದರ ಕಂಬಿಗಳ ನಡುವೆ 1 ಇಂಚಿನ ಅಂತರ, ಕ್ರಿಟರ್ ನೇಷನ್‌ನಲ್ಲಿ ಅರ್ಧ ಇಂಚು. ತಲೆಬುರುಡೆ ತೂರಿದ ಕಡೆ ಇಲಿಯ ಮೈಯೂ ತೂರುತ್ತದೆ. 1 ಇಂಚಿನ ಸಂದಿ ಹೆಣ್ಣು ಇಲಿಗೆ ತೆರೆದ ಬಾಗಿಲೇ ಸರಿ. ಐದು ವಾರ ತುಂಬದ ಸಣ್ಣ ಹೆಣ್ಣು ಮರಿಯಾದರೆ ಅರ್ಧ ಇಂಚನ್ನೂ ನಂಬಬೇಡಿ. ಮೈ ತುಂಬಿಕೊಳ್ಳುವವರೆಗೆ ಚಿಕ್ಕ ಸಂದಿಯ ಪಂಜರದಲ್ಲಿಟ್ಟು ಆಮೇಲೆ ಬದಲಿಸಿ.

ಈ ಪಂಜರದ ನಿಜವಾದ ಬಲ ಅದರ ಬಾಗಿಲು. ಮುಂಭಾಗವಿಡೀ ಬೀರುವಿನ ಹಾಗೆ ಎರಡು ಕಡೆಗೆ ತೆರೆದುಕೊಳ್ಳುತ್ತದೆ. ಕೇಳಲು ಸಣ್ಣ ಸಂಗತಿ, ಆದರೆ ದಿನದ ಬದುಕನ್ನು ಬದಲಿಸುವುದು ಇದೇ. ಅಂಗೈ ಅಗಲದ ಬಾಗಿಲಿರುವ ಪಂಜರದಲ್ಲಿ ಕೈ ಮೇಲಿಂದಲೋ ಸಂದಿಯಿಂದಲೋ ಇಲಿಯ ಮೇಲೆ ಇಳಿಯುತ್ತದೆ. ಮೇಲಿಂದ ಇಳಿದ ಕೈ ಇಲಿಯ ಪಾಲಿಗೆ ಹದ್ದು. ಹೆದರಿ ಮೂಲೆ ಸೇರುತ್ತದೆ, ಹಿಡಿಯಹೋದರೆ ಕಚ್ಚುತ್ತದೆ, ಕಚ್ಚಿಸಿಕೊಂಡವರು ಆಮೇಲೆ ಕೈ ಹಾಕುವುದನ್ನೇ ಬಿಡುತ್ತಾರೆ. ಇಲ್ಲಿ ಎದುರಿನಿಂದ, ಇಲಿಯ ಕಣ್ಣಿನ ಮಟ್ಟದಲ್ಲಿ ಅಂಗೈ ಚಾಚಬಹುದು. ಅದು ತಾನಾಗಿ ನಡೆದು ಬಂದು ಮುಂಗಾಲಿಟ್ಟು, ಮೂಸಿ, ತೋಳಿನ ಮೇಲೆ ಹತ್ತುತ್ತದೆ. ಹೊಸ ಜೋಡಿಯನ್ನು ಪಳಗಿಸಲು ಇದಕ್ಕಿಂತ ಒಳ್ಳೆಯ ವಿನ್ಯಾಸ ಇನ್ನೊಂದಿಲ್ಲ. ಟ್ರೇಯನ್ನು ಓರೆ ಮಾಡದೆ ಎಳೆಯಬಹುದು, ಹಿಂದಿನ ಮೂಲೆಯವರೆಗೆ ಕೈ ಹೋಗುತ್ತದೆ, ಕಾಯಿಲೆ ಬಿದ್ದ ಇಲಿಯನ್ನು ಗೂಡಿನ ಸಮೇತ ಹೊರಗೆ ತೆಗೆಯಬಹುದು.

ಕಂಬಿಗಳು ಅಡ್ಡಡ್ಡ ಇರುವುದೂ ಒಳ್ಳೆಯದೇ. ಉದ್ದುದ್ದ ಕಂಬಿಯಲ್ಲಿ ಜಾರುವ ಇಲಿ ಅಡ್ಡಕಂಬಿಯನ್ನು ಏಣಿ ಮಾಡಿಕೊಳ್ಳುತ್ತದೆ. ಜೋಡಿಸಲು ಸ್ಪ್ಯಾನರ್ ಇತ್ಯಾದಿ ಬೇಡ. ಆದರೆ ಭಾಗಗಳು ಭಾರ, ಇಬ್ಬರಿದ್ದರೆ ಸಲೀಸು. ಸಮತಟ್ಟಾದ ನೆಲದ ಮೇಲೇ ಜೋಡಿಸಿ. ಚೌಕಟ್ಟು ಸ್ವಲ್ಪ ಸೊಟ್ಟಗಾದರೂ ಬಾಗಿಲಿನ ಲ್ಯಾಚ್ ಸರಿಯಾಗಿ ಕೂರುವುದಿಲ್ಲ, ಅರ್ಧ ಕೂತ ಲ್ಯಾಚನ್ನು ಇಲಿ ಮೂತಿಯಿಂದಲೇ ಎತ್ತುತ್ತದೆ.

ಇನ್ನು ಟ್ರೇ. ಇದರ ದೊಡ್ಡ ಕೊರತೆ ಇಲ್ಲೇ ಇದೆ. ಜೊತೆಗೆ ಬರುವ ಪ್ಲಾಸ್ಟಿಕ್ ಟ್ರೇಯ ಅಂಚಿನ ಎತ್ತರ ಹೆಚ್ಚುಕಡಿಮೆ ಒಂದು ಇಂಚು. ಅದರಲ್ಲಿ ಮರದ ಚೂರನ್ನೋ ಕಾಗದದ ಹಾಸನ್ನೋ ಹಾಕಿದರೆ ಒಂದೇ ರಾತ್ರಿಯಲ್ಲಿ ಅರ್ಧದಷ್ಟು ನೆಲದ ಮೇಲಿರುತ್ತದೆ, ಏಕೆಂದರೆ ಅಗೆಯುವುದು ಇಲಿಯ ಹುಟ್ಟುಗುಣ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದೆ ಆಗುತ್ತದೆ. ಇಲಿ ಗೋಡೆಗೆ ಬೆನ್ನು ಕೊಟ್ಟು ಉಚ್ಚೆ ಹೊಯ್ಯುತ್ತದೆ. ಅದು ಕಂಬಿಯ ಮೇಲಿಂದ ಇಳಿದು, ಟ್ರೇಯ ತಗ್ಗು ಅಂಚು ದಾಟಿ, ಟ್ರೇಯ ಅಡಿಗೆ ಸೇರುತ್ತದೆ. ಮೇಲಿನ ಹಾಸು ಬದಲಿಸಿದರೂ ವಾಸನೆ ಹೋಗಲಿಲ್ಲ ಎನ್ನುವವರು ಟ್ರೇ ಎತ್ತಿ ನೋಡಲಿ, ಅಡಿಯ ತಂತಿ ಜಾಲರಿಯ ಮೇಲೆ ಹಳದಿ ಪೊರೆ ಕಟ್ಟಿರುತ್ತದೆ. ಹಾಗೇ ಬಿಟ್ಟರೆ ಲೇಪ ಎದ್ದು ತುಕ್ಕು ಹಿಡಿಯುತ್ತದೆ.

ಇದು ಬರೀ ಮೂಗು ಮುಚ್ಚಿಕೊಳ್ಳುವ ವಿಷಯವಲ್ಲ. ಸಾಕು ಇಲಿಗಳಲ್ಲಿ ಹೆಚ್ಚಿನವು ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತೇ ಇರುತ್ತವೆ. ಉಚ್ಚೆಯಿಂದ ಏಳುವ ಅಮೋನಿಯಾ ಉಸಿರಿನ ದಾರಿಯನ್ನು ಸುಟ್ಟು, ಸುಮ್ಮನಿದ್ದ ಸೋಂಕನ್ನು ಎಬ್ಬಿಸುತ್ತದೆ. ಮೊದಲು ಸೀನು, ಆಮೇಲೆ ಕಣ್ಣು ಮೂಗಿನ ಸುತ್ತ ಕೆಂಪು ಕಲೆ. ಅದು ರಕ್ತವಲ್ಲ, ಪೋರ್ಫಿರಿನ್ ಎಂಬ ಬಣ್ಣದ ಸ್ರಾವ. ಆಮೇಲೆ ಎದೆಯಲ್ಲಿ ಗೊರಗೊರ. ಎರಡು ಮೂರು ವರ್ಷದ ಆಯುಸ್ಸಿನ ಪ್ರಾಣಿಗೆ ಒಂದು ತಿಂಗಳ ಕೆಮ್ಮು ಸಣ್ಣದಲ್ಲ.

ಟ್ರೇಗೆ ಪರಿಹಾರ ಎರಡಿವೆ. ಈ ಪಂಜರದ ಅಳತೆಗೇ ಮಾಡಿದ ಆಳವಾದ ಲೋಹದ ಟ್ರೇಗಳು ಬೇರೆ ತಯಾರಕರಿಂದ ಸಿಗುತ್ತವೆ. ದುಡ್ಡಿದ್ದರೆ ಪಂಜರದ ಜೊತೆಗೇ ತರಿಸಿ. ಸ್ಟೇನ್‌ಲೆಸ್ ಸ್ಟೀಲ್‌ನದಾದರೆ ಅತ್ಯುತ್ತಮ. ಸತುವಿನ ಲೇಪದ್ದಾದರೆ ಉಚ್ಚೆಯ ಕಲೆ ಉಳಿಯುತ್ತದೆ, ಆದರೂ ಪ್ಲಾಸ್ಟಿಕ್‌ಗಿಂತ ಮೇಲು. ಇನ್ನೊಂದು ದಾರಿ ಅಗ್ಗದ್ದು: ಚುನಾವಣೆ ಬೋರ್ಡಿಗೆ ಬಳಸುವಂಥ ಟೊಳ್ಳು ಪ್ಲಾಸ್ಟಿಕ್ ಹಾಳೆಯನ್ನು 6 ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ನಾಲ್ಕೂ ಬದಿಗೆ ನಿಲ್ಲಿಸಿ, ಕಂಬಿಗೆ ಬಿಗಿಯುವುದು. ಪಟ್ಟಿಯ ಕೆಳ ಅಂಚು ಟ್ರೇಯ ಒಳಗೆ ಬರಬೇಕು. ಹೊರಗೆ ನಿಂತರೆ ಉಚ್ಚೆ ಮತ್ತೆ ಅಡಿಗೇ ಹೋಗುತ್ತದೆ, ಮಾಡಿದ ಕೆಲಸ ವ್ಯರ್ಥ. ಕತ್ತರಿಸಿದ ಅಂಚನ್ನು ಇಲಿ ಕಡಿಯುತ್ತದೆ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ಪಟ್ಟಿ ಬದಲಿಸುವುದು ಖಚಿತ.

ಕಡಿಯುವ ಮಾತು ಬಂತಲ್ಲ, ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ಗತಿಯಿಲ್ಲ. ಆದರೆ ನುಣ್ಣನೆ ಸಮತಲದ ಪ್ಲಾಸ್ಟಿಕ್ಕಿಗೆ ಹಲ್ಲು ಊರುವುದಿಲ್ಲ, ಅಂಚು ಸಿಕ್ಕರೆ ಮಾತ್ರ ಶುರು. ಈ ಟ್ರೇಗಳಲ್ಲಿ ಮೊದಲು ಹೋಗುವುದು ಏಣಿಗಾಗಿ ಬಿಟ್ಟ ಕಿಂಡಿಯ ಅಂಚು ಮತ್ತು ಅರ್ಧ ಅಗಲದ ಶೆಲ್ಫಿನ ತುದಿ. ಅಲ್ಲಿಗೆ ದಪ್ಪ ಬಟ್ಟೆ ಮಡಿಸಿ, ದೊಡ್ಡ ಸೈಜಿನ ಬೈಂಡರ್ ಕ್ಲಿಪ್ ಹಾಕಿದರೆ ಬಹಳಷ್ಟು ಉಳಿಯುತ್ತದೆ.

ಹಾಸಿಗೆ ಏನು ಎಂಬುದರಲ್ಲಿ ಎರಡು ಪಂಗಡ. ಟ್ರೇ ತಗ್ಗಾಗಿರುವುದರಿಂದಲೇ ಈ ಪಂಜರದವರು ಹೆಚ್ಚಾಗಿ ಫ್ಲೀಸ್ ಎಂಬ ಮೆತ್ತನೆ ಪಾಲಿಯೆಸ್ಟರ್ ಬಟ್ಟೆಗೆ ಹೋಗುತ್ತಾರೆ. ಫ್ಲೀಸ್ ತಾನಾಗಿ ನೀರು ಹೀರುವುದಿಲ್ಲ, ಅಡಿಯಲ್ಲಿ ಹೀರುವ ಪದರ ಇರಲೇಬೇಕು, ಎರಡು ಮೂರು ದಿನಕ್ಕೊಮ್ಮೆ ಒಗೆಯಲೇಬೇಕು. ವಾರಕ್ಕೊಮ್ಮೆ ಒಗೆದರೆ ಸಾಕು ಎಂದುಕೊಂಡವರ ಮನೆಯಲ್ಲಿ ಅಮೋನಿಯಾ ಗ್ಯಾರಂಟಿ. ಟ್ರೇ ಆಳವಾಗಿಸಿಕೊಂಡಿದ್ದರೆ ನಾಲ್ಕು ಇಂಚು ಧೂಳಿಲ್ಲದ ಆಸ್ಪೆನ್ ಮರದ ಚೂರು ಅಥವಾ ಕಾಗದದ ಹಾಸು ಹಾಕಿ. ಇಲಿಗಳಿಗೆ ಅಗೆಯಲು, ಹುದುಗಲು, ಕಾಳು ಹುಡುಕಲು ಕೆಲಸ ಸಿಗುತ್ತದೆ, ವಾಸನೆಯೂ ಹಿಡಿತದಲ್ಲಿರುತ್ತದೆ. ನಮ್ಮ ಮತ ಸಂದೇಹವಿಲ್ಲದೆ ಇದಕ್ಕೇ. ಸೀಡರ್ ಮರದ ಚೂರು ಮಾತ್ರ ಬೇಡವೇ ಬೇಡ, ಅದರ ಘಮ ಶ್ವಾಸಕೋಶಕ್ಕೂ ಯಕೃತ್ತಿಗೂ ಕೇಡು.

ಒಳಗಿನ ಜೋಡಣೆಯಲ್ಲಿ ನೆನಪಿಡಬೇಕಾದ್ದು ಎತ್ತರ. ಮೇಲಿನ ಕಂಬಿಯಿಂದ ನೆಲಕ್ಕೆ ಎರಡು ಅಡಿ. ಎಳೆಯ ಇಲಿ ಬಿದ್ದರೆ ಮೈ ಕೊಡವಿ ಏಳುತ್ತದೆ, ಆರುನೂರು ಗ್ರಾಂ ತೂಗುವ ಗಂಡು ಬಿದ್ದರೆ ಕಾಲು ಉಳುಕುತ್ತದೆ. ಶೆಲ್ಫಿನ ತೆರೆದ ಅಂಚಿನ ಕೆಳಗೆ, ನಡು ಎತ್ತರದಲ್ಲಿ, ಅಗಲವಾದ ಹ್ಯಾಮಕ್ ಒಂದು ಇರಲಿ. ಹಳೆಯ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದದ್ದು ಧಾರಾಳವಾಗಿ ನಡೆಯುತ್ತದೆ. ಟರ್ಕಿ ಟವೆಲ್ ಬೇಡ, ಅದರ ಕುಣಿಕೆ ನೂಲಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಕಡಿದ ತೂತಿನಿಂದ ನೂಲು ಜೋತಾಡುತ್ತಿದ್ದರೆ ಕತ್ತರಿಸಿ, ಕಾಲಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಕೊಟ್ಟಿರುವ ಏಣಿಹಲಗೆ ಎಳೆಯ ಜೋಡಿಗೆ ಬೇಕಿಲ್ಲ, ಕಂಬಿ ಹತ್ತಿಯೇ ಓಡಾಡುತ್ತವೆ. ಗಂಡುಗಳು ಅದರುದ್ದಕ್ಕೂ ಉಚ್ಚೆಯ ಹನಿ ಬಿಡುತ್ತಾ ಹೋಗುವುದರಿಂದ ತೆಗೆದಿಟ್ಟರೆ ಒಂದು ಕೆಲಸ ಕಡಿಮೆ. ಆದರೆ ಎಸೆಯಬೇಡಿ. ಎರಡು ವರ್ಷ ದಾಟಿದಾಗ ಹಿಂಗಾಲು ಸೋಲುವುದು ಸಾಮಾನ್ಯ, ಆಗ ಏಣಿಯೂ ಬೇಕು, ಶೆಲ್ಫನ್ನು ಕೆಳಗಿಳಿಸಲೂ ಬೇಕು.

ನೀರಿನ ಬಾಟಲಿ ಹೊರಗೆ ತೂಗುಹಾಕಿ, ಮೂತಿ ಮಾತ್ರ ಒಳಗೆ ಬರಲಿ. ನಾನೂರು ಗ್ರಾಂ ಇಲಿ ದಿನಕ್ಕೆ ಸುಮಾರು 40 ಮಿಲಿಲೀಟರ್ ಕುಡಿಯುತ್ತದೆ. ಬಾಟಲಿ ದೊಡ್ಡದಿದ್ದರೂ ಎರಡು ಇರಲಿ, ಒಂದರ ಮೂತಿಯೊಳಗಿನ ಗುಂಡು ಸಿಕ್ಕಿಕೊಂಡರೆ ಇನ್ನೊಂದಿರುತ್ತದೆ. ದಿನವೂ ಬೆರಳಿಂದ ಒತ್ತಿ ನೋಡಿ. ಚಕ್ರ ಇಡುವುದಾದರೆ 12 ಇಂಚಿಗೆ ಕಡಿಮೆ ಬೇಡ, ಚಿಕ್ಕದರಲ್ಲಿ ಬೆನ್ನು ಬಿಲ್ಲಾಗಿ ಬಾಗುತ್ತದೆ. ಓಡುವ ಪಟ್ಟಿ ಗಟ್ಟಿ ಹಾಳೆಯದಿರಬೇಕು. ತಂತಿಯದಾದರೆ ಬಾಲ, ಕಾಲು ಸಿಕ್ಕುತ್ತವೆ.

ಶುಚಿ ಮಾಡುವ ಕ್ರಮ ಹೀಗಿಟ್ಟುಕೊಳ್ಳಿ. ದಿನವೂ ಶೆಲ್ಫ್ ಒರೆಸಿ, ಒದ್ದೆ ಮೂಲೆಯ ಹಾಸು ತೆಗೆಯಿರಿ. ಮೂಲೆಯೊಂದರಲ್ಲಿ ಕಾಗದದ ಗುಳಿಗೆ ತುಂಬಿದ ತಗ್ಗು ಡಬ್ಬಿ, ಅದರಲ್ಲೊಂದು ನುಣುಪು ಕಲ್ಲು ಇಟ್ಟರೆ ಹಿಕ್ಕೆಯ ಬಹುಪಾಲು, ಉಚ್ಚೆಯ ಒಂದಿಷ್ಟು ಅಲ್ಲಿಗೇ ಬೀಳುತ್ತದೆ. ವಾರಕ್ಕೊಮ್ಮೆ ಟ್ರೇ ತೆಗೆದು, ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. 36 ಇಂಚಿನ ಟ್ರೇ ಅಡುಗೆಮನೆಯ ಸಿಂಕಿನಲ್ಲಿ ಹಿಡಿಸುವುದಿಲ್ಲ, ಬಚ್ಚಲಿಗೇ ಒಯ್ಯಬೇಕು. ಎಲ್ಲವನ್ನೂ ಒಂದೇ ದಿನ ತೊಳೆಯಬೇಡಿ. ತಮ್ಮ ವಾಸನೆ ಪೂರ್ತಿ ಅಳಿಸಿದರೆ ಎರಡೂ ಇಡೀ ಪಂಜರಕ್ಕೆ ಉಚ್ಚೆಯಿಂದ ಹೊಸದಾಗಿ ಗುರುತು ಹಾಕುತ್ತವೆ. ಬಟ್ಟೆ ಒಗೆದ ವಾರ ಗೂಡು ಹಾಗೇ ಇರಲಿ.

ಇಲಿಯ ಆಯುಸ್ಸು ಕಡಿಮೆಯಾದ್ದರಿಂದ ಈ ಪಂಜರ ಸೆಕೆಂಡ್ ಹ್ಯಾಂಡ್ ಸಿಗುವುದು ಹೆಚ್ಚು, ಮತ್ತು ಚೌಕಟ್ಟು ಗಟ್ಟಿಯಿರುವುದರಿಂದ ಕೊಳ್ಳಲು ಯೋಗ್ಯ. ಟ್ರೇ ಎತ್ತಿ ಜಾಲರಿಯ ತುಕ್ಕು ನೋಡಿ, ಬಾಗಿಲ ಲ್ಯಾಚ್ ಹಾಕಿ ಅಲ್ಲಾಡಿಸಿ, ಕಂಬಿಗಳ ನಡುವೆ ಬೆರಳಿಟ್ಟು ಬಾಗಿದ ಕಡೆ ಹುಡುಕಿ. ಟ್ರೇ ಕಡಿದಿದ್ದರೆ ಚಿಂತೆಯಿಲ್ಲ, ಹೇಗೂ ಬದಲಿಸುವುದೇ.

ಕರ್ನಾಟಕದಲ್ಲಿ ಇದನ್ನು ಹಡಗಿನಲ್ಲಿ ತರಿಸುವ ಸಾಹಸ ಬೇಕಿಲ್ಲ. ಇದರ ವಿನ್ಯಾಸವನ್ನು ಮಾದರಿಯಾಗಿಟ್ಟುಕೊಂಡು ಗ್ರಿಲ್ ಕೆಲಸದವರ ಹತ್ತಿರ ಮಾಡಿಸುವುದೇ ಜಾಣತನ. ಮುಕ್ಕಾಲು ಇಂಚಿನ ಚೌಕ ಪೈಪಿನ ಚೌಕಟ್ಟು, ಅರ್ಧ ಇಂಚಿನ ವೆಲ್ಡ್ ಮೆಶ್, ಮುಂಭಾಗ ಪೂರ್ತಿ ಎರಡು ಬಾಗಿಲು, 6 ಇಂಚು ಆಳದ ಸ್ಟೇನ್‌ಲೆಸ್ ಸ್ಟೀಲ್ ಟ್ರೇ, ಬಾಗಿಲು ಟ್ರೇಯ ಅಂಚಿಗಿಂತ ಮೇಲಿನಿಂದ ಶುರು. ಹೀಗೆ ಮಾಡಿಸಿದರೆ ಕ್ರಿಟರ್ ನೇಷನ್‌ನ ಕೊರತೆಯೂ ಇರುವುದಿಲ್ಲ. ಬೆಸುಗೆ ಮುಗಿದ ಮೇಲೆ ಪೌಡರ್ ಕೋಟಿಂಗ್ ಮಾಡಿಸಿ. ಬರೀ ಸತುವಿನ ಜಾಲರಿಯನ್ನು ಇಲಿ ಕಚ್ಚುತ್ತಾ ಹೋದರೆ ಸತು ಹೊಟ್ಟೆಗೆ ಸೇರುತ್ತದೆ. ಜಾಲರಿಯ ಕತ್ತರಿಸಿದ ತುದಿಗಳು ಹೊರಮುಖವಾಗಿರಲಿ. ನೆಲಕ್ಕೆ ಮಾತ್ರ ಜಾಲರಿ ಬೇಡ, ಲವ್‌ಬರ್ಡ್ಸ್ ಪಂಜರದ ತಂತಿ ನೆಲದ ಮೇಲೆ ಇಟ್ಟ ಇಲಿಗಳ ಪಾದದಡಿ ಹುಣ್ಣಾಗುತ್ತದೆ, ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಸಾಮಿಲ್ಲಿನ ಹೊಟ್ಟೂ ಬೇಡ, ಯಾವ ಮರದ್ದೋ ತಿಳಿಯದು, ಧೂಳು ಬೇರೆ. ಸೀಳಿದ ಬರೀ ಕಾಗದವೇ ವಾಸಿ.

ಪಂಜರವನ್ನು ಬಾಲ್ಕನಿಯಲ್ಲಿಡಬೇಡಿ. ಚೆಲ್ಲಿದ ಕಾಳಿಗೆ ಬೀದಿ ಇಲಿಗಳು ಬರುತ್ತವೆ, ಅವುಗಳ ಉಚ್ಚೆಯಿಂದ ಇಲಿಜ್ವರ ಹರಡುತ್ತದೆ, ಸಾಕು ಇಲಿಗೂ ಮನೆಯವರಿಗೂ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಇನ್ನೊಂದು ತೊಂದರೆ: ಇಲಿ ಬೆವರುವುದಿಲ್ಲ, ಮೈಯ ಬಿಸಿಯ ಒಂದು ಪಾಲನ್ನು ಬಾಲದಿಂದ ಹೊರಹಾಕುತ್ತದೆ, 30 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಟ್ರೇಯ ಒಂದು ಮೂಲೆಯಲ್ಲಿ ಹಾಸು ಸರಿಸಿ ಕಡಪ ಕಲ್ಲಿನ ತುಂಡೊಂದನ್ನು ಇಡಿ, ಪಕ್ಕದಲ್ಲಿ ಫ್ರೀಜರಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ. ಮಧ್ಯಾಹ್ನ ಎರಡೂ ಅಲ್ಲೇ ಹೊಟ್ಟೆ ಊರಿ ಮಲಗಿದ್ದರೆ ಸರಿ. ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ಬಾಲ, ಪಾದಗಳನ್ನು ತಣ್ಣೀರಿನಲ್ಲಿ ಒದ್ದೆ ಮಾಡಿ, ಐಸ್ ನೀರು ಬೇಡ, ತಡಮಾಡದೆ ಪಶುವೈದ್ಯರ ಹತ್ತಿರ ಒಯ್ಯಿರಿ.