ಮಡಚುವ ಸೈಕಲ್ಲಿಗೊಂದು ಸೀಟು: ಮೂರು ಸೋತವು, ನಾಲ್ಕನೆಯದು ನಿಂತಿತು

ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ರಸ್ತೆಯಿಂದ ತುಸು ಒಳಗಿರುವ ನಮ್ಮ ಮನೆಯಿಂದ ಕುಂಬಳೆ ರೈಲು ನಿಲ್ದಾಣಕ್ಕೆ 5 ಕಿಲೋಮೀಟರ್ ದಾರಿ, ಅಲ್ಲಿಂದ ಉಪ್ಪಳ ದಾಟಿ ಮಂಜೇಶ್ವರದವರೆಗೆ ರೈಲು, ಇಳಿದ ಮೇಲೆ ನಾನು ಪಾಠ ಹೇಳುವ ಕನ್ನಡ ಶಾಲೆಗೆ ಮತ್ತೆ 3 ಕಿಲೋಮೀಟರ್. ಬಸ್ಸಿಗೂ ಆಟೋರಿಕ್ಷಾಕ್ಕೂ ಕಾಯುವುದರಲ್ಲಿ ಕಳೆಯುತ್ತಿದ್ದ ಹೊತ್ತನ್ನು ಉಳಿಸೋಣವೆಂದು ಎರಡು ವರ್ಷಗಳ ಹಿಂದೆ 20 ಇಂಚು ಚಕ್ರದ ಮಡಚುವ ಸೈಕಲ್ಲೊಂದನ್ನು ಕೊಂಡೆ. ಹೊತ್ತು ಉಳಿಯಿತು. ಆದರೆ ಶಾಲೆಗೆ ತಲುಪಿದ ಮೇಲೆ ಮೊದಲ ಎರಡು ಪೀರಿಯಡನ್ನು ನಿಂತುಕೊಂಡೇ ಮುಗಿಸಬೇಕಾದ ಸ್ಥಿತಿ ಬಂತು. ಆಮೇಲಿನ ಒಂದೂವರೆ ವರ್ಷದಲ್ಲಿ ಆ ಸೈಕಲ್ಲಿನ ಮೇಲೆ ನಾಲ್ಕು ಸೀಟುಗಳು ಕೂತೆದ್ದಿವೆ. ಈಗ ಇರುವುದು ಬ್ರೂಕ್ಸ್ ಕಂಪೆನಿಯ ಕ್ಯಾಂಬಿಯಂ ಸಿ17. ಈ ವಿಮರ್ಶೆ ಅದರದ್ದೇ, ಆದರೆ ಮೊದಲಿನ ಮೂರರ ಕಥೆ ಹೇಳದೆ ಅದು ಏಕೆ ಹಿಡಿಸಿತೆಂದು ತಿಳಿಸಲು ಬಾರದು.

ಮಡಚುವ ಸೈಕಲ್ಲಿನಲ್ಲಿ ಸೀಟಿನ ಪಾಡು ಬೇರೆ ಸೈಕಲ್ಲುಗಳಲ್ಲಿ ಇರುವಂಥದ್ದಲ್ಲ. ನಮ್ಮ ಹಿರಿಯರು ಅಡಿಕೆ ಗೋಣಿ ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದ ಕರಿ ಸೈಕಲ್ಲಿಗೆ 28 ಇಂಚಿನ ಚಕ್ರಗಳಿದ್ದವು. ರಸ್ತೆಯ ಸಣ್ಣ ಹೊಂಡಗಳ ಮೇಲೆ ಅವು ಹಾಗೆಯೇ ಉರುಳಿ ಹೋಗುತ್ತಿದ್ದವು. 20 ಇಂಚಿನ ಚಕ್ರ ಅದೇ ಹೊಂಡದೊಳಕ್ಕೆ ಇಳಿದು, ಅದರ ಅಂಚಿಗೆ ಬಡಿದು ಮೇಲೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥಗಳಾಗಿ ಅಗಲಿಸುವ ಕಾಮಗಾರಿಯ ಕಾಲದಲ್ಲಿ ಬದಿಯ ರಸ್ತೆಗಳಲ್ಲಿ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಕಾರಣ ಕುಳಿತುಕೊಳ್ಳುವ ಭಂಗಿ. ಇಂಥ ಸೈಕಲ್ಲುಗಳಲ್ಲಿ ಹ್ಯಾಂಡಲ್ ಎತ್ತರದಲ್ಲಿಯೂ ಹತ್ತಿರದಲ್ಲಿಯೂ ಇರುವುದರಿಂದ ಬೆನ್ನು ನೆಟ್ಟಗಿರುತ್ತದೆ, ಕೈಗಳ ಮೇಲೆ ಬೀಳಬೇಕಾದ ಭಾರದಲ್ಲಿ ಹೆಚ್ಚಿನ ಪಾಲು ಸೀಟಿಗೆ ಇಳಿಯುತ್ತದೆ. ಇದರ ಜೊತೆಗೆ ದಿನಕ್ಕೆ ನಾಲ್ಕು ಸಲ ಸೀಟಿನ ಪೈಪನ್ನು ಇಳಿಸಿ ಏರಿಸಬೇಕು. ಮಡಚಿದ ಸೈಕಲ್ಲನ್ನು ಎತ್ತುವಾಗ ಕೈ ಹೋಗುವುದೂ ಸೀಟಿಗೇ.

ಸೈಕಲ್ಲಿನೊಡನೆ ಬಂದ ಸೀಟು ಕಪ್ಪು ರೆಕ್ಸಿನ್ನಿನದು, ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಮೆತ್ತಗೆ ಒಳಗೆ ಹೋಗಿ ಖುಷಿ ಕೊಡುವಂಥದ್ದು. ಮೂರು ತಿಂಗಳಲ್ಲಿ ಒಳಗಿನ ಸ್ಪಂಜು ಚಪ್ಪಟೆಯಾಗಿ ಅಡಿಯ ಪ್ಲಾಸ್ಟಿಕ್ ತಟ್ಟೆ ತಗಲತೊಡಗಿತು. ಮೆತ್ತಗಿರುವುದು ಸಾಲದೆಂದು ಬಗೆದು ನಾನು ಮಾಡಿದ ಎರಡನೆಯ ತಪ್ಪು, ಇನ್ನೂ ಅಗಲವಾದ, ಇನ್ನೂ ಮೆತ್ತಗಿನ ಜೆಲ್ ಸೀಟನ್ನು ತರಿಸಿದ್ದು. ಮೊದಲ ದಿನ ಸಿಂಹಾಸನವೇ ಸಿಕ್ಕಿತೆನ್ನಿಸಿತು. ನಾಲ್ಕನೆಯ ದಿನ, ನಿಲ್ದಾಣ ಇನ್ನೂ ಒಂದು ಕಿಲೋಮೀಟರ್ ಇರುವಾಗ, ತೊಡೆಗಳ ನಡುವೆ ಜೋಮು ಹಿಡಿದು ಇಳಿದು ನಡೆಯಬೇಕಾಯಿತು. ಅಗಲವಾದ ಬದಿಗಳು ಪ್ರತಿ ತುಳಿತಕ್ಕೂ ತೊಡೆಯ ಹಿಂಭಾಗವನ್ನು ಉಜ್ಜುತ್ತಿದ್ದವು. ಮಳೆಗಾಲದಲ್ಲಿ ಅದರ ಹೊಲಿಗೆಯ ರಂಧ್ರಗಳಿಂದ ನೀರು ಒಳಗೆ ಸೇರಿ, ಕುಳಿತಾಗ ಹಿಂಡಿದಂತೆ ಪ್ಯಾಂಟಿಗೆ ಇಳಿಯುತ್ತಿತ್ತು. ಬಿಳಿ ಪ್ಯಾಂಟಿನ ದಿನ ಮಕ್ಕಳ ಮುಂದೆ ಬೋರ್ಡಿಗೆ ತಿರುಗಿ ಬರೆಯಲು ಸಂಕೋಚಪಟ್ಟದ್ದುಂಟು.

ಕುಂಬಳೆಯಲ್ಲಿ ನಾನು ಪಂಕ್ಚರ್ ಹಾಕಿಸುವ ಅಂಗಡಿಯ ಕಾಕ ಈ ಜೆಲ್ ಸೀಟನ್ನು ಎರಡು ಕೈಯಿಂದ ಹಿಡಿದು, ಹಿಟ್ಟು ನಾದುವವರಂತೆ ಒತ್ತಿ ನೋಡಿ ನಕ್ಕುಬಿಟ್ಟರು. “ಮಾಷ್ಟ್ರೇ, ಇದು ಸೋಫಾಕ್ಕೆ ಒಳ್ಳೇದು. ನಿಮ್ಮ ಎಲುಬು ಇದರಲ್ಲಿ ಹೂತು ಹೋಗ್ತದೆ, ಮಧ್ಯದ್ದು ಮೇಲೆ ಬರ್ತದೆ. ಮತ್ತೆ ನೋಯದೆ ಇರ್ತದಾ?” ಎಂದರು. ಮರುಮಾತಿಗೆ ಎಡೆಯಿಲ್ಲದ ವಿವರಣೆ ಅದು. ನಾವು ಕುಳಿತಾಗ ಮೈಯ ಭಾರವನ್ನು ಹೊರಲಿಕ್ಕೆಂದೇ ಸೊಂಟದ ಎಲುಬಿನ ಅಡಿಯಲ್ಲಿ ಎರಡು ಗುಬ್ಬಿಗಳಿವೆ. ಸೀಟು ಆ ಎರಡನ್ನು ಮಾತ್ರ ಹೊರಬೇಕು. ಅತಿ ಮೆತ್ತಗಿನ ಸೀಟಿನಲ್ಲಿ ಅವು ಒಳಕ್ಕೆ ಕುಸಿದಾಗ ನಡುವಿನ ಭಾಗ ಉಬ್ಬಿ, ನರ ಮತ್ತು ರಕ್ತನಾಳಗಳು ಹಾದುಹೋಗುವ ಮೃದು ಜಾಗವನ್ನು ಒತ್ತುತ್ತದೆ. ಜೋಮು ಹಿಡಿಯುವುದು ಅದರಿಂದ.

ಹಾಗಾದರೆ ಆ ಎರಡು ಗುಬ್ಬಿಗಳ ನಡುವೆ ಎಷ್ಟು ಅಂತರವಿದೆಯೆಂದು ಮೊದಲು ಗೊತ್ತಾಗಬೇಕು. ಇದಕ್ಕೆ ದುಬಾರಿ ಉಪಕರಣವೇನೂ ಬೇಡ. ಹೊಸ ಫ್ಯಾನ್ ಬಂದಿದ್ದ ಪೆಟ್ಟಿಗೆಯ ಒಂದು ಬದಿಯನ್ನು, ಅಂದರೆ ಒಳಗೆ ಅಲೆಯಲೆಯಾಗಿರುವ ದಪ್ಪ ರಟ್ಟನ್ನು ಕತ್ತರಿಸಿ, ಜಗಲಿಯ ಸಿಮೆಂಟು ಮೆಟ್ಟಿಲಿನ ಮೇಲಿಟ್ಟು, ತೆಳುವಾದ ಲುಂಗಿ ಉಟ್ಟು ಅದರ ಮೇಲೆ ಕುಳಿತೆ. ಹಿಮ್ಮಡಿ ಎತ್ತಿ, ಮೊಣಕಾಲನ್ನು ಎದೆಯ ಕಡೆಗೆ ತಂದು, ಒಂದು ನಿಮಿಷ ಅಲುಗಾಡದೆ ಕುಳಿತು ಎದ್ದಾಗ ರಟ್ಟಿನ ಮೇಲೆ ಕಣ್ಣಿಗೆ ಏನೂ ಕಾಣಲಿಲ್ಲ. ಸೀಮೆಸುಣ್ಣದ ತುಂಡನ್ನು ಅಡ್ಡವಾಗಿ ಹಿಡಿದು ಮೇಲೆ ಸವರಿದಾಗ ಮಾತ್ರ, ಸುಣ್ಣ ತಗಲದೆ ಉಳಿದ ಎರಡು ಬಟ್ಟಲುಗಳು ತೋರಿಬಂದವು. ಎರಡರ ನಡುಮಧ್ಯವನ್ನು ಪೆನ್ಸಿಲಿನಿಂದ ಗುರುತಿಸಿ ಸ್ಕೇಲಿಟ್ಟೆ: 12.5 ಸೆಂಟಿಮೀಟರ್. ಇದಕ್ಕೆ ಎರಡು ಮೂರು ಸೆಂಟಿಮೀಟರ್ ಕೂಡಿಸಿದರೆ ಸೀಟಿನ ಅಗಲ ಸಿಗುತ್ತದೆ. ಬೆನ್ನು ನೆಟ್ಟಗಿಟ್ಟು ತುಳಿಯುವವರು ಇನ್ನೂ ತುಸು ಕೂಡಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಅದು 15ರಿಂದ 16ರ ಆಸುಪಾಸು. ನನ್ನ ಜೆಲ್ ಸೀಟು 22 ಸೆಂಟಿಮೀಟರ್ ಇತ್ತು! ಚಪ್ಪಲಿ ಕೊಳ್ಳುವಾಗ ಕಾಲಿನ ಅಳತೆ ನೋಡುವ ನಾವು ಸೀಟು ಕೊಳ್ಳುವಾಗ ಹೆಬ್ಬೆರಳಿನಿಂದ ಒತ್ತಿ ನೋಡಿ ದುಡ್ಡು ಕೊಡುತ್ತೇವೆ.

ಮೂರನೆಯ ಸೀಟು ಕೊಂಡದ್ದಲ್ಲ. ಬೆಂಗಳೂರಿನಲ್ಲಿರುವ ಭಾವ, ತಮ್ಮ ಸೈಕಲ್ ಮಾರುವಾಗ ತೆಗೆದಿಟ್ಟುಕೊಂಡಿದ್ದ ಬ್ರೂಕ್ಸ್ ಬಿ17 ಚರ್ಮದ ಸೀಟನ್ನು ಕೊಟ್ಟರು. ಈ ಕಂಪೆನಿ ಶುರುವಾದದ್ದು 1866ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಕುದುರೆಗಳಿಗೆ ಬೇಕಾದ ಚರ್ಮದ ಸಾಮಾನುಗಳನ್ನು ಮಾಡುವ ಉದ್ಯಮವಾಗಿ. ಸ್ಥಾಪಕ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಅವರ ಕುದುರೆ ಸತ್ತು, ಅವರು ಎರವಲು ಸೈಕಲ್ ಹತ್ತಿ, ಅದರ ಸೀಟಿನ ನೋವು ತಾಳಲಾರದೆ ಸೀಟು ತಯಾರಿಗೆ ಇಳಿದರೆಂದು ಕಂಪೆನಿಯೇ ಹೇಳಿಕೊಂಡು ಬಂದಿದೆ. ಬಿ17ರಲ್ಲಿ ಸ್ಪಂಜಿಲ್ಲ, ಜೆಲ್ಲಿಲ್ಲ. ಮುಂದೆ ಮತ್ತು ಹಿಂದೆ ರಿವೆಟ್ಟು ಹೊಡೆದು, ಚೆಂಡೆಯ ಚರ್ಮದಂತೆ ಎಳೆದು ಕಟ್ಟಿದ ದಪ್ಪ ತೊಗಲು ಅಷ್ಟೇ. ಕೆಲವು ವಾರಗಳ ಸವಾರಿಯಲ್ಲಿ ಕುಳಿತವನ ಎಲುಬಿನ ಜಾಗದಲ್ಲಿ ಅದು ತುಸು ತಗ್ಗಿ ಆತನದ್ದೇ ಆಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಮೇಲೆ ಕುಳಿತ ಸುಖವನ್ನು ನಾನು ಮರೆತಿಲ್ಲ. ಆದರೆ ಕೇರಳದ ಶಾಲೆಗಳು ಜೂನ್ ಆರಂಭದಲ್ಲಿ, ಮಳೆಯೊಡನೆ ಪೈಪೋಟಿಗೆ ಬಿದ್ದಂತೆ ತೆರೆಯುತ್ತವೆ. ಚರ್ಮದ ಸೀಟು ಚೆನ್ನಾಗಿ ನೆನೆದಿರುವಾಗ ಅದರ ಮೇಲೆ ಕುಳಿತರೆ ಜೋಲು ಬೀಳುತ್ತದೆ. ಆದ್ದರಿಂದ ಮೇಲೆ ಹೊದಿಕೆ ಹಾಕಬೇಕು, ಅಡಿಗೆ ಮೇಣ ಸವರಬೇಕು, ಜೋಲಿದರೆ ಮೂತಿಯ ಕೆಳಗಿನ ಬೋಲ್ಟನ್ನು ತಿರುಗಿಸಿ ಬಿಗಿ ಮಾಡಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ, ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಈ ಊರಿನಲ್ಲಿ, ಅವಸರದಲ್ಲಿ ರೈಲು ಹಿಡಿಯುವ ಮನುಷ್ಯನಿಂದ ಅಷ್ಟೆಲ್ಲ ಉಪಚಾರ ಸಾಗದು. ಅದು ಸೀಟಿನ ದೋಷವಲ್ಲ, ನನ್ನ ಸೋಮಾರಿತನ ಮತ್ತು ನಮ್ಮ ಆಷಾಢ ಸೇರಿದ ಫಲ.

ಅದೇ ಕಂಪೆನಿಯ ಕ್ಯಾಂಬಿಯಂ ಈ ತೊಡಕಿಗೆ ಉತ್ತರವಾಗಿ ಸಿಕ್ಕಿತು. ಎಳೆದು ಕಟ್ಟುವ ಕ್ರಮ ಇದರಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಇದೆ, ಆದರೆ ತೊಗಲಿನ ಜಾಗದಲ್ಲಿ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ನೈಸರ್ಗಿಕ ರಬ್ಬರ್, ಅದರ ಮೇಲೆ ತೆಳುವಾದ ಬಟ್ಟೆಯ ಪದರ. ಮೇಣ ಬೇಡ, ಹೊದಿಕೆ ಬೇಡ, ಪಳಗಿಸುವ ಕೆಲಸವೂ ಬೇಡ. ಮುಂಜಾನೆ ರಬ್ಬರ್ ಮರಗಳಿಗೆ ಟ್ಯಾಪಿಂಗ್ ಮಾಡಿ ಶೀಟು ಒಣಗಿಸುವ ನೆರೆಕರೆಯವರ ನಡುವೆ ಇದ್ದುಕೊಂಡು, ರಬ್ಬರಿನ ಸೀಟನ್ನು ಇಟಲಿಯಿಂದ ತರಿಸಿಕೊಳ್ಳಬೇಕಾದದ್ದು ಸ್ವಲ್ಪ ತಮಾಷೆಯಾಗಿಯೇ ಕಂಡಿತು. ಸಿ17ರ ಅಗಲ ಸುಮಾರು 16 ಸೆಂಟಿಮೀಟರ್, ತೂಕ ಹೆಚ್ಚುಕಡಿಮೆ ಅರ್ಧ ಕಿಲೋ. ಕೈಯಿಂದ ಒತ್ತಿದರೆ ಗಟ್ಟಿ ಎನ್ನಿಸುತ್ತದೆ. ಅಂಗಡಿಯಲ್ಲಿ ಹೆಬ್ಬೆರಳಿನ ಪರೀಕ್ಷೆಗಿಟ್ಟರೆ ಖಂಡಿತ ಸೋಲುವ ಸೀಟು. ಕುಳಿತಾಗ ಮಾತ್ರ ನಡುಭಾಗ ಉಯ್ಯಾಲೆಯ ಹಲಗೆಯಂತೆ ಬಹು ಸಣ್ಣಗೆ ತೂಗುತ್ತದೆ. ರೈಲ್ವೆ ಗೇಟಿನ ಹಳಿಗಳನ್ನು ದಾಟುವಾಗ ಚಕ್ರಕ್ಕೆ ತಗಲಿದ ಪೆಟ್ಟು ಬೆನ್ನುಹುರಿಗೆ ನೇರ ಏರದೆ ಅಲ್ಲಿಯೇ ಕರಗುವುದು ಗೊತ್ತಾಗುತ್ತದೆ. ಹೊಂಡವೇ ಎದುರಾದರೆ ಯಾವ ಸೀಟೂ ಕಾಯದು, ಪೆಡಲಿನ ಮೇಲೆ ಎದ್ದು ನಿಲ್ಲಬೇಕು.

ಆದರೂ ಮೊದಲ ವಾರ ನನಗೆ ನಿರಾಶೆಯಾಗಿತ್ತು. ಹೋಗುವಾಗ ಸುಖವಾಗಿದ್ದ ಸೀಟು ಸಂಜೆ ಹಿಂದಿರುಗುವಾಗ ನೋಯುತ್ತಿತ್ತು. ಕಾಕನಲ್ಲಿ ದೂರು ಹೇಳಿದೆ. ಅವರು ಸೀಟನ್ನು ಮುಟ್ಟಲಿಲ್ಲ, ಕುಕ್ಕರಗಾಲಿನಲ್ಲಿ ಕುಳಿತು ಪೈಪನ್ನು ನೋಡಿದರು. “ಬೆಳಿಗ್ಗೆ ಎಲ್ಲಿಯವರೆಗೆ ಎತ್ತಿದ್ದು?” ಎಂದು ಕೇಳಿ, ಪೈಪಿನ ಮೇಲೆ ಗ್ರೀಸು ಮೆತ್ತಿದ್ದ ಗೆರೆಯನ್ನು ಉಗುರಿನಿಂದ ತೋರಿಸಿದರು. ಸೀಟು ಎರಡು ಬೆರಳಿನಷ್ಟು ಕೆಳಗೆ ಜಾರಿತ್ತು. ದಿನಕ್ಕೆ ನಾಲ್ಕು ಸಲ ಬಿಚ್ಚಿ ಬಿಗಿಯುವ ಕ್ಲಾಂಪು ಸಡಿಲಾದದ್ದರಿಂದ, ಜೊತೆಗೆ ನಾನೇ ಜಾಣತನ ತೋರಿ ಸವರಿದ್ದ ಗ್ರೀಸಿನಿಂದ, ತುಳಿಯುತ್ತ ತುಳಿಯುತ್ತ ಪೈಪು ಇಳಿದಿತ್ತು. ಸೀಟು ತಗ್ಗಿದರೆ ಕಾಲುಗಳು ಪೆಡಲಿನ ಮೇಲೆ ಹೊರಬೇಕಾದ ಭಾರವನ್ನು ಹೊರುವುದಿಲ್ಲ, ಮೈಯೆಲ್ಲ ಕುಂಡೆಯ ಮೇಲೆ ಕೂರುತ್ತದೆ. ಮೊದಲಿನ ಎರಡು ಸೀಟುಗಳಿಗೆ ನಾನು ಹಾಕಿದ ಶಾಪದಲ್ಲಿ ಎಷ್ಟು ಪಾಲು ಈ ಪೈಪಿಗೆ ಸೇರಬೇಕಿತ್ತೋ! ಕಾಕ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕ್ಲಾಂಪಿನ ನಟ್ಟನ್ನು ಅರ್ಧ ಸುತ್ತು ಬಿಗಿಮಾಡಿ, ಸರಿಯಾದ ಎತ್ತರದಲ್ಲಿ ಕೆಂಪು ಇನ್ಸುಲೇಶನ್ ಟೇಪನ್ನು ಒಂದು ಸುತ್ತು ಸುತ್ತಿಕೊಟ್ಟರು. ಕೂಲಿ 20 ರೂಪಾಯಿ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲು ಅತಿ ಕೆಳಗಿರುವಾಗ, ಮೊಣಕಾಲು ನೆಟ್ಟಗಾಗುವ ಎತ್ತರವೇ ಆ ಟೇಪಿನ ಎತ್ತರ.

ಜೋಡಿಸುವಾಗ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸೀಟಿನ ಪೈಪು ನೆಟ್ಟಗಿರದೆ ಹಿಂದಕ್ಕೆ ವಾಲಿರುತ್ತದೆ. ಮಡಚುವ ಸೈಕಲ್ಲಿನಲ್ಲಿ ಆ ಪೈಪು ಬಹಳ ಉದ್ದ. ಆದ್ದರಿಂದ ಎತ್ತರದ ಮನುಷ್ಯ ಪೈಪನ್ನು ಎಳೆದಷ್ಟೂ ಸೀಟು ಹಿಂದಕ್ಕೆ ಸರಿದು ಹ್ಯಾಂಡಲ್ ದೂರವಾಗುತ್ತದೆ, ಮುಂದಕ್ಕೆ ಜಾರಿ ಸೀಟಿನ ಮೂತಿಯ ಮೇಲೆ ಕೂರುವ ಅಭ್ಯಾಸವಾಗುತ್ತದೆ. ಸೀಟಿನಡಿಯ 7 ಮಿಲಿಮೀಟರ್ ದಪ್ಪದ ಎರಡು ಸರಳುಗಳನ್ನು ಕ್ಲಾಂಪಿನಲ್ಲಿ ಮುಂದಕ್ಕೆ ಸರಿಸಿ ಇದನ್ನು ಸರಿಪಡಿಸಬಹುದು. ಬಿ17ರಲ್ಲಿ ಹೀಗೆ ಸರಿಸಲು ಸಿಗುವ ಜಾಗ ಕಡಿಮೆ, ಸಿ17ರಲ್ಲಿ ಹೆಚ್ಚು. ನಾನು ಒಂದೂವರೆ ಸೆಂಟಿಮೀಟರ್ ಮುಂದೆ ತಂದು, ಮೇಲೆ ಸ್ಕೇಲಿಟ್ಟು ಮಟ್ಟ ನೋಡಿ, 6 ಎಂಎಂ ಎಲನ್ ಕೀಯಿಂದ ಬಿಗಿ ಮಾಡಿದೆ. ಮೂತಿ ಮೇಲಕ್ಕೆದ್ದರೆ ಜೋಮು, ಬಹಳ ಕೆಳಗಾದರೆ ಅಂಗೈ ನೋವು.

ಹೊರುವ ವಿಷಯಕ್ಕೆ ಬಂದರೆ, ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲೇರುವಾಗ ಸೀಟಿನ ಮೂತಿಯ ಕೆಳಗೆ ನಾಲ್ಕು ಬೆರಳು ತೂರಿಸಿ ಎತ್ತುವುದು ನನ್ನ ಕ್ರಮ. ಕ್ಯಾಂಬಿಯಂನ ಅಡಿ ತೆರೆದಿರುವುದರಿಂದ ಹಿಡಿತ ಸಿಗುತ್ತದೆ, ಒದ್ದೆಯಾದರೂ ಕೈ ಜಾರುವುದಿಲ್ಲ. ಜೆಲ್ ಸೀಟಿನ ಅಗಲದ ಹಿಂಭಾಗ, ಮಡಚಿದಾಗ, ಹ್ಯಾಂಡಲಿನ ಬ್ರೇಕಿಗೆ ತಾಗಿ ಸೈಕಲ್ ಪೂರ್ತಿ ಮಡಚುತ್ತಲೇ ಇರಲಿಲ್ಲ. ಈಗ ಆ ಕಿರಿಕಿರಿಯಿಲ್ಲ. ದೊಡ್ಡ ಸ್ಪ್ರಿಂಗುಗಳಿರುವ ಸೀಟು ಕೊಳ್ಳಬೇಕೆನ್ನುವವರು ಮೊದಲು ತಮ್ಮ ಸೈಕಲ್ ಮಡಚಿ ಅಲ್ಲಿ ಎಷ್ಟು ಎಡೆಯಿದೆಯೆಂದು ನೋಡಿಕೊಳ್ಳುವುದು ಒಳ್ಳೆಯದು.

ಬೆಲೆ ಹೆಚ್ಚು, ಅದರಲ್ಲಿ ಮುಚ್ಚಿಡುವುದೇನಿಲ್ಲ. ನನ್ನ ಸೈಕಲ್ಲಿನ ಅರ್ಧ ಬೆಲೆಗಿಂತ ತುಸು ಕೆಳಗೆ ನಿಂತಿತು, ಮನೆಯಲ್ಲಿ ಆ ಅಂಕಿಯನ್ನು ಕಂತುಕಂತಾಗಿ ಹೇಳಿದ್ದೇನೆ. ಅಷ್ಟು ಕೊಡಲಾಗದವರು ರಟ್ಟಿನ ಅಳತೆಗೆ ಹೊಂದುವ, ನಡುವೆ ಸೀಳು ಇರುವ, ಒತ್ತಿದರೆ ಬೇಗನೆ ಕುಸಿಯದ ಸಾಧಾರಣ ಸೀಟನ್ನು ಆರಿಸಿಕೊಂಡರೆ ಮುಕ್ಕಾಲು ಪಾಲು ಸುಖ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ನನ್ನ ಸೀಟು ಎಲ್ಲರಿಗೂ ಹಿಡಿಸುತ್ತದೆ ಎಂದೂ ಹೇಳಲಾರೆ. ಅದೇ ರಟ್ಟಿನ ಇನ್ನೊಂದು ಬದಿಯಲ್ಲಿ ಕುಳಿತ ನನ್ನ ಹೆಂಡತಿಯ ಅಳತೆ 14.5 ಸೆಂಟಿಮೀಟರ್ ಬಂತು. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚು. ಸಿ17ರ ಮೇಲೆ ಅಂಗಳದಲ್ಲಿ ಎರಡು ಸುತ್ತು ಬಂದವಳು “ಇದು ಅಡಿಕೆ ಮರದ ಸಲಾಕೆ” ಎಂದು ಇಳಿದುಬಿಟ್ಟಳು. ಅವಳಿಗೆ ಇದೇ ಸಾಲಿನ, ಇನ್ನೂ ಅಗಲವಾದ ಸಿ19 ನೋಡಬೇಕು.

ಭಾವ ಕೊಟ್ಟ ಬಿ17 ಈಗ ಅಪ್ಪನ 28 ಇಂಚಿನ ಕರಿ ಸೈಕಲ್ಲಿನ ಮೇಲಿದೆ. ಕಾಕ ಹಳೆಯ ಸೀಟ್ ಕ್ಲಿಪ್ಪನ್ನೇ ಹೊಂದಿಸಿ ಕೊಟ್ಟರು. ತುಲಾ ಸಂಕ್ರಮಣದ ಮಳೆ ಪೂರ್ತಿ ನಿಂತ ಮೇಲೆ ಅದನ್ನು ಹೊರಗೆ ತೆಗೆಯುತ್ತೇವೆ, ಮೊದಲ ಮಳೆಗೆ ಮುನ್ನ ಅಟ್ಟಕ್ಕೇರಿಸುತ್ತೇವೆ.