ಕೆಟಿಎಂ 250 ಎಸ್‌ಎಕ್ಸ್-ಎಫ್‌ನ ಏರ್ ಫೋರ್ಕ್: ಪಂಪ್ ಜೊತೆಗಿದ್ದರೆ ಒಳ್ಳೆಯ ಫೋರ್ಕ್

ಈ ಮೋಟೋಕ್ರಾಸ್ ಬೈಕ್ ತೆಗೆದುಕೊಳ್ಳುವ ಮುಂಚೆ ಟ್ರ್ಯಾಕ್‌ನಲ್ಲಿ ಎಲ್ಲರೂ ಹೇಳಿದ್ದು ಒಂದೇ: "ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ಮುಂದಿನ ಸಸ್ಪೆನ್ಷನ್) ತೆಗೆಸಿ ಸ್ಪ್ರಿಂಗ್ ಹಾಕಿಸಿಬಿಡಿ." ಅವರು ಸುಮ್ನೆ ಹೇಳಿದ್ದಲ್ಲ. ಹೋಂಡಾ 2017ರ ಸಿಆರ್‌ಎಫ್450ಆರ್‌ನಲ್ಲಿ, ಕವಾಸಾಕಿ 2019ರ ಕೆಎಕ್ಸ್450ಯಲ್ಲಿ ಸ್ಪ್ರಿಂಗ್‌ಗೇ ವಾಪಸ್ ಹೋದವು. ಆದರೂ ನಾನು ಕಂಪನಿ ಕೊಟ್ಟ ಡಬ್ಲ್ಯುಪಿ ಎಕ್ಸಾಕ್ಟ್ ಏರ್ ಫೋರ್ಕನ್ನೇ ಉಳಿಸಿಕೊಂಡೆ. ಕೋಲಾರದ ಕೆಂಪು ಧೂಳಿನಲ್ಲಿ ಬೇಸಿಗೆ, ಮಳೆಗಾಲ ಎರಡೂ ನೋಡಿದ ಮೇಲೂ ಬದಲಾಯಿಸುವ ಮನಸ್ಸಿಲ್ಲ.

ಇದರ ರಚನೆ ಸರಳ. ಫೋರ್ಕಿನ ಎಡಗಾಲಿನಲ್ಲಿ, ಅಂದರೆ ಎಡ ಕೊಳವೆಯಲ್ಲಿ, ಸ್ಪ್ರಿಂಗ್ ಬದಲು ಗಾಳಿ. ಬಲಗಾಲಿನಲ್ಲಿ ಫೋರ್ಕಿನ ಓಟವನ್ನು ಹಿಡಿತದಲ್ಲಿಡುವ ಆಯಿಲ್ ಡ್ಯಾಂಪಿಂಗ್; ಅದನ್ನು ಹೊಂದಿಸುವ ತಿರುಪುಗಳಲ್ಲಿ ಕಂಪ್ರೆಷನ್ (ಫೋರ್ಕ್ ಅದುಮುವಾಗಿನದು) ಮೇಲೆ, ರೀಬೌಂಡ್ (ಚಾಚುವಾಗಿನದು) ಕೆಳಗೆ. ಹಳೆಯ ಶೋವಾ ಟಿಎಸಿ ಫೋರ್ಕಿನ ಹಾಗೆ ಮೂರು ಕಡೆ ಗಾಳಿ ಹೊಂದಿಸುವ ತಲೆನೋವಿಲ್ಲ, ಒಂದೇ ವಾಲ್ವ್. ನನಗೆ ದೊಡ್ಡ ಲಾಭ ಇದೇ: ತೂಕಕ್ಕೆ ತಕ್ಕ ಸ್ಪ್ರಿಂಗ್ ಹುಡುಕಿ ತರಿಸಬೇಕಿಲ್ಲ. 60 ಕೆಜಿ ಸವಾರ ಇಳಿದು 85 ಕೆಜಿ ಸವಾರ ಹತ್ತಿದರೆ ಪಂಪ್ ಸಾಕು.

ಒತ್ತಡ ಹತ್ತೂವರೆ ಬಾರ್ ಆಸುಪಾಸು, ಅಂದರೆ 150 ಪಿಎಸ್‌ಐ ದಾಟುತ್ತದೆ. ಇಷ್ಟು ಒತ್ತಡ, ಅದೂ ಸ್ವಲ್ಪವೇ ಜಾಗದಲ್ಲಿ. ಆದ್ದರಿಂದ ಪೆಟ್ರೋಲ್ ಬಂಕಿನ ಗಾಳಿ ಇಲ್ಲಿ ನಡೆಯುವುದಿಲ್ಲ. ಫೋರ್ಕ್ ಪಂಪೇ ಬೇಕು. ಮೌಂಟೇನ್ ಬೈಕಿನ ಶಾಕ್ ಪಂಪ್ ಕೂಡ ಆಗುತ್ತದೆ.

ಜನ ಈ ಫೋರ್ಕನ್ನು ಬೈಯುವುದು ಬಿಸಿಲಿನ ವಿಷಯಕ್ಕೆ. ಫೆಬ್ರವರಿಯಲ್ಲಿ ನಮ್ಮ ಕಡೆ ಬೆಳಿಗ್ಗೆ 16 ಡಿಗ್ರಿ, ಮಧ್ಯಾಹ್ನ 31. ಬಿಸಿಯಾದ ಗಾಳಿ ಹಿಗ್ಗಲು ಜಾಗವಿಲ್ಲ, ಒತ್ತಡ ಏರುತ್ತದೆ. 15 ಡಿಗ್ರಿಗೆ ಸುಮಾರು 0.6 ಬಾರ್. ಕೈಪಿಡಿಯಲ್ಲಿ ಹೊಂದಿಸಲು ಹೇಳುವುದೇ 0.2 ಬಾರ್‌ನ ಹೆಜ್ಜೆಯಲ್ಲಿ! ಬೆಳಿಗ್ಗೆ ಸರಿಯಿದ್ದ ಫೋರ್ಕ್ ಮಧ್ಯಾಹ್ನ ಗಟ್ಟಿಯಾಗಿ ಕೈ ನೋಯಿಸಿದರೆ ಅದು ಫೋರ್ಕಿನ ದೋಷವಲ್ಲ, ಅಲ್ವಾ? ಊಟದ ನಂತರ ಬೈಕನ್ನು ನೆರಳಿನಲ್ಲಿ ಬಿಟ್ಟು, ಫೋರ್ಕ್ ಆರಿದ ಮೇಲೆ ಒತ್ತಡವನ್ನು ಮತ್ತೆ ಬೇಕಾದ ಅಂಕಿಗೆ ಹೊಂದಿಸಿ. ಇಷ್ಟು ಮಾಡಿದರೆ ಅರ್ಧ ದೂರು ನಿಲ್ಲುತ್ತದೆ.

ಒತ್ತಡ ಹಾಕುವಾಗ ಮುಂದಿನ ಚಕ್ರ ನೆಲದಿಂದ ಮೇಲಿರಬೇಕು. ಫೋರ್ಕ್ ಪೂರ್ತಿ ಚಾಚಿದಾಗಲೇ ಒಳಗಿನ ಎರಡು ಕೋಣೆಗಳ ಗಾಳಿ ಸಮವಾಗುವುದು. ಇನ್ನೊಂದು ಮಾತು. ಪಂಪ್ ಸಿಕ್ಕಿಸಿದ ಕೂಡಲೇ ಸ್ವಲ್ಪ ಗಾಳಿ ಅದರ ಪೈಪಿಗೆ ಹೋಗಿ, ಮೀಟರ್ ಕಡಿಮೆ ತೋರಿಸುತ್ತದೆ. ಸೋರಿದೆ ಎಂದು ಹೆದರಬೇಡಿ. ಹಾಗೆಂದು ಬರೀ ನೋಡಿ ಪಂಪ್ ಬಿಚ್ಚಲೂಬೇಡಿ. ಬೇಕಾದ ಅಂಕಿಗೆ ತಂದೇ ಬಿಚ್ಚಿ. ಬಿಚ್ಚುವಾಗಿನ ಬುಸ್ ಸದ್ದು ಪೈಪಿನ ಗಾಳಿಯದು.

ಕ್ಲಿಕ್ಕರ್ (ಡ್ಯಾಂಪಿಂಗ್ ಹೊಂದಿಸುವ ತಿರುಪು) ಮುಟ್ಟುವುದು ಇದೆಲ್ಲ ಆದ ಮೇಲೆ. ಮೊದಲು ಹಿಂದಿನ ಸ್ಯಾಗ್, ಅಂದರೆ ಸವಾರ ಕೂತಾಗ ಬೈಕಿನ ಹಿಂಭಾಗ ಇಳಿಯುವ ಅಳತೆ, 105 ಮಿ.ಮೀ. ಹತ್ತಿರ ಇಡಿ. ಆಮೇಲೆ ಫೋರ್ಕ್ ಕೊಳವೆಗೆ ಒಂದು ಜಿಪ್ ಟೈ ಕಟ್ಟಿ, ದೊಡ್ಡ ಜಂಪ್ ಹಾರಿ ಬನ್ನಿ. ಟೈ ತುದಿಯ ಹತ್ತಿರಕ್ಕೆ ಹೋಗಿ, ಫೋರ್ಕ್ ತಳಕ್ಕೆ ಜೋರಾಗಿ ಬಡಿಯದಿದ್ದರೆ ಒತ್ತಡ ಸರಿ. ಸಣ್ಣ ಗುಂಡಿಗಳಲ್ಲಿ ಸ್ಪ್ರಿಂಗಿನ ಮೆತ್ತಗಿನ ಹಿಡಿತ ಇದಕ್ಕೆ ಬರುವುದಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಜಂಪ್ ಇಳಿಯುವಾಗ ಕೊನೆಯಲ್ಲಿ ಗಾಳಿ ಕೊಡುವ ಆಸರೆ ನನಗೆ ತುಂಬಾ ಇಷ್ಟ.

ನಿಗಾ ಜಾಸ್ತಿ ಬೇಕಾಗುವುದು ಸೀಲ್‌ಗೆ. ಸ್ಪ್ರಿಂಗ್ ಫೋರ್ಕಿನಲ್ಲಿ ಸೀಲ್ ಹೋದರೆ ಆಯಿಲ್ ಸೋರುತ್ತದೆ, ಓಡಿಸಿಕೊಂಡು ಬರಬಹುದು. ಇಲ್ಲಿ ಗಾಳಿಯ ಸೀಲ್ ಹೋದರೆ ಬೈಕಿನ ಮುಂಭಾಗವೇ ಕುಸಿಯುತ್ತದೆ. ಪ್ರತಿ ಸಲ ತೊಳೆದ ಮೇಲೆ ಡಸ್ಟ್ ಸೀಲ್ (ಧೂಳು ತಡೆಯುವ ಹೊರಗಿನ ಸೀಲ್) ಕೆಳಗಿಳಿಸಿ ಒಳಗಿನ ಮಣ್ಣು ಒರೆಸುತ್ತೇನೆ. ಎರಡೂ ಕಾಲಿನ ಮೇಲಿರುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಓಡಿಸುವಾಗ ತಾನಾಗಿ ಸೇರಿಕೊಂಡ ಗಾಳಿ ಬಿಡುತ್ತೇನೆ; ಇದು ಪಂಪಿನಿಂದ ಹಾಕಿದ ಗಾಳಿಯಲ್ಲ. ಪಿಕಪ್‌ನಲ್ಲಿ ಸಾಗಿಸುವಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಗಟ್ಟಿ ತುಂಡನ್ನು ಅಡ್ಡ ಇಡುತ್ತೇನೆ. ಹಗ್ಗ ಬಿಗಿದು ಫೋರ್ಕನ್ನು ಗಂಟೆಗಟ್ಟಲೆ ಅದುಮಿಡುವುದು ಸೀಲ್‌ಗೆ ಒಳ್ಳೆಯದಲ್ಲ.

ತಿಂಗಳಿಗೊಮ್ಮೆ ಓಡಿಸಿ ಹಾಗೇ ಮೂಲೆಗಿಡುವವರು ಸ್ಪ್ರಿಂಗ್ ಕಿಟ್‌ಗೆ ದುಡ್ಡು ಹಾಕುವುದೇ ಮೇಲು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೋಡಲು ಹೋಗುವಾಗ ಪಂಪ್ ಒಯ್ಯಿರಿ. ಒತ್ತಡ ಹಾಕಿ, ಒಂದು ರಾತ್ರಿ ಸ್ಟ್ಯಾಂಡ್ ಮೇಲೆ ಬಿಡಲು ಕೇಳಿ. ಮರುದಿನ ಅಷ್ಟೇ ತಂಪಿನಲ್ಲಿ ಅಳೆದಾಗ, ಪೈಪಿಗೆ ಹೋಗುವ ಅಷ್ಟನ್ನು ಬಿಟ್ಟು ಇನ್ನೂ ಇಳಿದಿದ್ದರೆ, ಸೀಲ್ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.